ಜೇಬು ಕಳೆದರೂ ಪ್ರಯಾಣ ನಿಲ್ಲದಂತೆ: ಹಣ ಮತ್ತು ದಾಖಲೆಗಳನ್ನು ಹಂಚಿಡುವ ಬಗೆ

ಹಬ್ಬದ ಹಿಂದಿನ ಸಂಜೆ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಊರಿನ ಬಸ್ಸು ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುವಷ್ಟರಲ್ಲಿ ಅದರ ಬಾಗಿಲಿಗೆ ಜನ ಮುತ್ತಿರುತ್ತಾರೆ. ಕಿಟಕಿಯಿಂದ ಟವೆಲ್ಲು, ಕರ್ಚೀಫು ಎಸೆದು ಸೀಟು ಹಿಡಿದವರೂ ಆ ಸೀಟನ್ನು ಉಳಿಸಿಕೊಳ್ಳಲು ಅದೇ ಬಾಗಿಲಿನಿಂದ ಒಳಗೆ ನುಗ್ಗಬೇಕು. ಒಂದು ಕೈ ಬಾಗಿಲ ಕಂಬಿಯನ್ನು ಹಿಡಿದಿರುತ್ತದೆ, ಇನ್ನೊಂದರಲ್ಲಿ ಚೀಲವೋ ಮಗುವೋ ಇರುತ್ತದೆ, ಕಣ್ಣು ಒಳಗಿನ ಖಾಲಿ ಸೀಟನ್ನು ಹುಡುಕುತ್ತಿರುತ್ತದೆ. ಹಿಂದಿನವರು ತಳ್ಳುವುದು, ಪಕ್ಕದವರ ಮೊಣಕೈ ತಗಲುವುದು ಅಲ್ಲಿ ಸಹಜವೆಂದು ಎಲ್ಲರೂ ಒಪ್ಪಿಕೊಂಡಿರುವುದರಿಂದ, ಜೇಬಿಗೆ ಒಂದು ಕೈ ತಗಲಿದರೂ ಯಾರೂ ತಿರುಗಿ ನೋಡುವುದಿಲ್ಲ. ಜೇಬುಗಳ್ಳನಿಗೆ ಬೇಕಾದದ್ದು ಆ ಕೆಲವೇ ಸೆಕೆಂಡು.

‘ಜೇಬುಗಳ್ಳರಿದ್ದಾರೆ, ಎಚ್ಚರಿಕೆ’ ಎಂಬ ಫಲಕವಾಗಲಿ ಪ್ರಕಟಣೆಯಾಗಲಿ ತಪ್ಪಲ್ಲ. ಆದರೆ ಎಚ್ಚರವೊಂದನ್ನೇ ನೆಚ್ಚಿಕೊಂಡವರನ್ನು ಅದು ಕಾಪಾಡುವುದಿಲ್ಲ. ಪ್ರಕಟಣೆ ಕೇಳಿದೊಡನೆ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಹಣವಿರುವ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುವುದು, ಅಂದರೆ ಹಣ ಎಲ್ಲಿದೆ ಎಂಬುದನ್ನು ನೋಡುತ್ತಿರುವವನಿಗೆ ತಾವೇ ತೋರಿಸಿಕೊಡುವುದು. ಅಲ್ಲದೆ, ಹತ್ತು ಹನ್ನೆರಡು ಗಂಟೆಯ ಪ್ರಯಾಣದುದ್ದಕ್ಕೂ ಜೇಬಿನ ಮೇಲೆಯೇ ಗಮನವಿಟ್ಟು ಕೂರುವುದು ಯಾರಿಂದಲೂ ಆಗದ ಕೆಲಸ; ನಿದ್ದೆ ಬರುತ್ತದೆ, ಮಕ್ಕಳು ಅಳುತ್ತಾರೆ, ಇಳಿಯುವ ಊರು ಬಂತೇ ಎಂದು ಕಿಟಕಿಯತ್ತ ಬಾಗಬೇಕಾಗುತ್ತದೆ. ಹಾಗಾಗಿ ಗಮನ ತಪ್ಪಿದಾಗಲೂ ಕೆಲಸಕ್ಕೆ ಬರುವಂಥ ಏರ್ಪಾಡನ್ನು ಮನೆಯಿಂದ ಹೊರಡುವ ಮೊದಲೇ ಮಾಡಿಕೊಳ್ಳಬೇಕು. ಆ ಏರ್ಪಾಡಿಗೆ ಎರಡೇ ಗುರಿ: ಬೇರೆಯವರ ಕೈ ತಲುಪುವ ಜಾಗದಲ್ಲಿ ದೊಡ್ಡದೇನೂ ಇರಬಾರದು, ಮತ್ತು ಒಂದು ವಸ್ತು ಹೋದರೆ ಅದರ ಜೊತೆಗೆ ಎಲ್ಲವೂ ಹೋಗಬಾರದು.

ಕಳವು ನಡೆಯುವ ಬಗೆ

ಜೇಬುಗಳ್ಳರು ಒಬ್ಬೊಬ್ಬರೇ ಕೆಲಸ ಮಾಡುವುದು ಕಡಿಮೆ. ಒಬ್ಬ ಬಾಗಿಲಲ್ಲಿ ಏನೋ ಬಿದ್ದಂತೆ ಬಗ್ಗಿ ದಾರಿಯನ್ನು ತಡೆಯುತ್ತಾನೆ, ಇನ್ನೊಬ್ಬ ಹಿಂದಿನಿಂದ ಒತ್ತುತ್ತಾನೆ, ಮಡಚಿದ ದಿನಪತ್ರಿಕೆಯೋ ಟವೆಲ್ಲೋ ಮುಚ್ಚಿದ ಕೈಯಿಂದ ಮೂರನೆಯವನು ಪರ್ಸನ್ನು ಎತ್ತುತ್ತಾನೆ, ಮತ್ತು ಎತ್ತಿದ ಪರ್ಸು ಕ್ಷಣದಲ್ಲೇ ಬೇರೊಬ್ಬನ ಕೈ ಸೇರುತ್ತದೆ. ಅನುಮಾನದಿಂದ ಹಿಂದೆ ನಿಂತವನ ಕೈ ಹಿಡಿದರೂ ಅವನಲ್ಲಿ ಏನೂ ಸಿಗದಿರುವುದು ಇದೇ ಕಾರಣಕ್ಕೆ. ಒತ್ತುವವನ ಕೆಲಸ ಬರೀ ದಾರಿ ಮಾಡಿಕೊಡುವುದಲ್ಲ; ಮೈಯ ಒಂದು ಕಡೆ ಬಲವಾದ ಒತ್ತಡವಿದ್ದಾಗ ಇನ್ನೊಂದು ಕಡೆಯ ಹಗುರವಾದ ಸ್ಪರ್ಶ ನಮ್ಮ ಅರಿವಿಗೆ ಬರುವುದಿಲ್ಲ. ಭುಜಕ್ಕೆ ಯಾರೋ ಜೋರಾಗಿ ತಾಗಿದಾಗ ಪ್ಯಾಂಟಿನ ಜೇಬಿನಲ್ಲಿ ಆದದ್ದು ತಿಳಿಯದೇ ಹೋಗುತ್ತದೆ.

ನೂಕುನುಗ್ಗಲಿಲ್ಲದ ಕಡೆ ಅದೇ ಗೊಂದಲವನ್ನು ಕೈಯಾರೆ ಹುಟ್ಟಿಸುತ್ತಾರೆ. ಪೊಲೀಸ್ ಪ್ರಕಟಣೆಗಳಲ್ಲಿ ‘ಗಮನ ಬೇರೆಡೆ ಸೆಳೆದು ಕಳವು’ ಎಂದು ಕಾಣುವುದು ಇದನ್ನೇ. ಬ್ಯಾಂಕಿನಿಂದ ಹಣ ತೆಗೆದುಕೊಂಡು ಹೊರಬಂದವರ ಮುಂದೆ ಹತ್ತಿಪ್ಪತ್ತರ ನೋಟುಗಳನ್ನು ಚೆಲ್ಲಿ ‘ನಿಮ್ಮ ದುಡ್ಡು ಬಿದ್ದಿದೆ’ ಎನ್ನುವುದು, ಅಂಗಿಯ ಮೇಲೆ ಗಲೀಜು ಬಿದ್ದಿದೆ ಎಂದು ತೋರಿಸಿ ತೊಳೆದುಕೊಳ್ಳಲು ತಾವೇ ನೀರು ಕೊಡುವುದು, ತುರಿಕೆ ಪುಡಿ ಎರಚುವುದು, ಎಲ್ಲದರ ಉದ್ದೇಶವೂ ಚೀಲದ ಮೇಲಿನ ಕೈಯನ್ನು ಬಿಡಿಸುವುದೇ ಆಗಿದೆ. ಇಂಥ ಸಂದರ್ಭದಲ್ಲಿ ಚೀಲವನ್ನು ಕೆಳಗಿಡದೆ ಹತ್ತಿರದ ಅಂಗಡಿಯೊಳಕ್ಕೆ ಹೋಗಿ ನಿಲ್ಲುವುದು ಸಾಕು. ನೆರವಿಗೆ ಬಂದವರೆಲ್ಲ ಕಳ್ಳರಲ್ಲ. ಆದರೆ ಗಲೀಜನ್ನು ಎರಡು ನಿಮಿಷ ತಡವಾಗಿ ತೊಳೆದುಕೊಂಡರೆ ಯಾರಿಗೂ ನಷ್ಟವಿಲ್ಲ.

ನಮ್ಮ ರಾಜ್ಯದ ಮಟ್ಟಿಗೆ ಹೆಚ್ಚು ನೋವು ತರುವ ಕಳವು ಗಂಡಸರ ಪರ್ಸಿನದಲ್ಲ, ಹೆಂಗಸರ ವ್ಯಾನಿಟಿ ಬ್ಯಾಗಿನದು. ಮದುವೆಗೆಂದು ಊರಿಗೆ ಹೊರಟವರು ಒಡವೆಗಳನ್ನು ಮೈಮೇಲೆ ಹಾಕಿಕೊಳ್ಳಲು ಹೆದರಿ ಸಣ್ಣ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಹೆಗಲ ಬ್ಯಾಗಿನಲ್ಲಿ ಇಟ್ಟುಕೊಂಡಿರುತ್ತಾರೆ. ಬಸ್ಸು ಹತ್ತುವಾಗ ಬ್ಯಾಗು ಬೆನ್ನಿನ ಕಡೆ ಸರಿಯುತ್ತದೆ, ಹಿಂದಿನವರು ಜಿಪ್ ಎಳೆಯುತ್ತಾರೆ, ಟಿಕೆಟ್ಟಿಗಾಗಿ ಕೈ ಹಾಕಿದಾಗಲೇ ಡಬ್ಬಿ ಇಲ್ಲದಿರುವುದು ಗೊತ್ತಾಗುವುದು. ಹಾಸನ, ಮಂಡ್ಯ, ಶಿವಮೊಗ್ಗದಂಥ ಊರುಗಳ ಬಸ್ ನಿಲ್ದಾಣಗಳಿಂದ ಇಂಥ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹತ್ತಿರ ನಿಲ್ಲುವವರು ಹೆಂಗಸರೇ ಆಗಿದ್ದಾಗ, ಅದರಲ್ಲೂ ಮಗುವನ್ನು ಎತ್ತಿಕೊಂಡವರಾಗಿದ್ದಾಗ, ಅನುಮಾನವೂ ಹುಟ್ಟುವುದಿಲ್ಲ. 2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಂಗಸರು ಪ್ರತಿ ಸಲವೂ ಗುರುತಿನ ಚೀಟಿಯನ್ನು ತೋರಿಸಬೇಕಾಗಿದೆ. ಆಧಾರ್ ಇರುವ ಖಾನೆಯಲ್ಲೇ ಹಣವೂ ಒಡವೆಯೂ ಇದ್ದರೆ ಪ್ರತಿ ಟಿಕೆಟ್ಟಿಗೂ ಎಲ್ಲವೂ ಜನರ ಮುಂದೆ ತೆರೆದುಕೊಳ್ಳುತ್ತವೆ. ಆದ್ದರಿಂದ ಗುರುತಿನ ಚೀಟಿಗೆ ಬೇರೆಯೇ ಒಂದು ಪುಟ್ಟ ಚೀಲ ಇರಬೇಕು.

ರೈಲಿನಲ್ಲಿ ಅಪಾಯದ ಹೊತ್ತು ಬೇರೆ. ಹತ್ತುವ ಇಳಿಯುವ ಗದ್ದಲದ ಜೊತೆಗೆ, ಗಾಡಿ ಹೊರಟ ಮೊದಲ ನಿಮಿಷ ಮತ್ತು ನಸುಕಿನ ನಿದ್ದೆ ಸೇರಿಕೊಳ್ಳುತ್ತವೆ. ಕಿಟಕಿಯ ಪಕ್ಕದಲ್ಲಿ ಹಿಡಿದ ಮೊಬೈಲನ್ನು ಗಾಡಿ ಚಲಿಸಿದೊಡನೆ ಹೊರಗಿನಿಂದ ಕಿತ್ತುಕೊಳ್ಳುವುದು, ಚಾರ್ಜಿಗೆ ಹಾಕಿ ಮಲಗಿದವರ ಫೋನು ಬೆಳಗಿನೊಳಗೆ ಮಾಯವಾಗುವುದು ಸಾಮಾನ್ಯ. ಇಲ್ಲಿ ಹೆಚ್ಚಿನ ಪ್ರಯಾಣಿಕರಿಗೆ ತಿಳಿಯದ ಕಾನೂನಿನ ಸಂಗತಿಯೊಂದಿದೆ. ರಸೀದಿ ಪಡೆದು ಬುಕ್ ಮಾಡದೆ ನಾವೇ ಜೊತೆಗೆ ಒಯ್ಯುವ ಸಾಮಾನು ಹೋದರೆ, ರೈಲ್ವೆಯ ಅಥವಾ ಅದರ ಸಿಬ್ಬಂದಿಯ ನಿರ್ಲಕ್ಷ್ಯವೇ ಕಾರಣವೆಂದು ಸಾಬೀತಾದ ಹೊರತು ರೈಲ್ವೆ ಹೊಣೆಯಲ್ಲ ಎಂದು 1989ರ ರೈಲ್ವೆ ಕಾಯಿದೆಯ 100ನೇ ಕಲಂ ಹೇಳುತ್ತದೆ. ಸೊಂಟಕ್ಕೆ ಕಟ್ಟಿಕೊಂಡ ಬೆಲ್ಟಿನಲ್ಲಿ 1 ಲಕ್ಷ ರೂಪಾಯಿ ಇಟ್ಟುಕೊಂಡು ರಾತ್ರಿ ರೈಲಿನಲ್ಲಿ ದೆಹಲಿಗೆ ಹೊರಟಿದ್ದ ಪ್ರಯಾಣಿಕರೊಬ್ಬರ ಹಣ ಕಳವಾಗಿತ್ತು. ಗ್ರಾಹಕ ವೇದಿಕೆಗಳು ರೈಲ್ವೆಯೇ ಆ ಹಣವನ್ನು ಕೊಡಬೇಕೆಂದು ಹೇಳಿದ್ದವು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ರದ್ದುಪಡಿಸಿ, ಪ್ರಯಾಣಿಕ ತನ್ನ ವಸ್ತುವನ್ನು ತಾನೇ ಕಾಪಾಡಿಕೊಳ್ಳಲಾಗದಿದ್ದರೆ ಅದನ್ನು ರೈಲ್ವೆಯ ಸೇವಾ ನ್ಯೂನತೆ ಎನ್ನಲಾಗದು ಎಂದಿತು. ಈ ಪ್ರಕರಣದಿಂದ ತಿಳಿಯುವುದು ಪರಿಹಾರದ ಮಾತಷ್ಟೇ ಅಲ್ಲ: ಹಣವನ್ನು ಎಷ್ಟೇ ಗುಟ್ಟಾಗಿ ಕಟ್ಟಿಕೊಂಡರೂ, ಪೂರ್ತಿ ಮೊತ್ತವನ್ನು ಒಂದೇ ಜಾಗದಲ್ಲಿ ಇಟ್ಟರೆ ಒಂದೇ ಕಳವಿನಲ್ಲಿ ಪೂರ್ತಿ ಹೋಗುತ್ತದೆ.

ಹಣವನ್ನು ಮೂರು ಕಡೆ ಇಡುವುದು

ಹಳ್ಳಿಯ ಹಿರಿಯರು ಪಂಚೆಯ ಒಳಗಿನ ಪಟಾಪಟಿ ಚಡ್ಡಿಯ ಜೇಬಿನಲ್ಲಿ ನೋಟುಗಳನ್ನು ಮಡಚಿಟ್ಟು, ಮೇಲಂಗಿಯ ಜೇಬಿನಲ್ಲಿ ಬೀಡಿಗೆ, ಚಹಾಕ್ಕೆ ಬೇಕಾದಷ್ಟು ಚಿಲ್ಲರೆಯನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದರು. ಅಜ್ಜಿಯರು ಎಲೆ ಅಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ದೊಡ್ಡ ನೋಟನ್ನು ಬೇರೆ ಕಡೆ ಇಡುತ್ತಿದ್ದರು. ಸವದತ್ತಿ ಯಲ್ಲಮ್ಮನ ಜಾತ್ರೆಯ ಹುಣ್ಣಿಮೆಯಂಥ ಜನಜಂಗುಳಿಯಲ್ಲಿಯೂ ಆ ಹಣ ಉಳಿಯುತ್ತಿದ್ದುದಕ್ಕೆ ಕಾರಣ ಸ್ಪಷ್ಟವಾಗಿದೆ: ಒಳಗಿನ ಜೇಬಿಗೆ ಕೈ ಹಾಕಬೇಕಾದರೆ ಧರಿಸಿದವರ ಅರಿವಿಗೆ ಬಾರದೆ ಸಾಧ್ಯವಿಲ್ಲ, ಮತ್ತು ಆ ಜೇಬು ದಾರಿಯಲ್ಲಿ ಒಮ್ಮೆಯೂ ತೆರೆಯುವುದಿಲ್ಲ. ಇಂದಿನ ಪ್ರಯಾಣಕ್ಕೂ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಾಣುವುದಿಲ್ಲ.

ಅದನ್ನು ನಮ್ಮ ಬಟ್ಟೆಗೆ ಹೊಂದಿಸಿಕೊಳ್ಳುವುದು ಕಷ್ಟವೇನಲ್ಲ. ಆ ಹೊತ್ತಿನ ಖರ್ಚಿಗೆ ಬೇಕಾದ ಚಿಲ್ಲರೆ ಮತ್ತು ಸಣ್ಣ ನೋಟು ಕೈಗೆ ಸಿಗುವ ಮುಂಜೇಬಿನಲ್ಲಿರಲಿ. ಹೋದರೂ ಚಿಂತೆಯಿಲ್ಲ ಎನ್ನುವಷ್ಟೇ ಅದರಲ್ಲಿರಲಿ. ದಿನದ ಹಣ ಮತ್ತು ಒಂದು ಕಾರ್ಡು ಬಟ್ಟೆಯೊಳಗಿನ ಚೀಲದಲ್ಲೋ ಜಿಪ್ ಇರುವ ಒಳಜೇಬಿನಲ್ಲೋ ಇರಲಿ. ಮೂರನೆಯ ಭಾಗ, ಅಂದರೆ ಊರಿಗೆ ಮರಳುವ ಟಿಕೆಟ್ಟಿಗೆ ಮತ್ತು ಎರಡು ದಿನದ ಊಟ, ವಸತಿಗೆ ಸಾಲುವಷ್ಟು ನಗದು ಹಾಗೂ ಇನ್ನೊಂದು ಬ್ಯಾಂಕಿನ ಕಾರ್ಡು, ಮೈಮೇಲಿರದೆ ಸಾಮಾನಿನ ಬ್ಯಾಗಿನ ತಳದಲ್ಲಿ ಬಟ್ಟೆಯ ನಡುವೆ ಇರಲಿ. ಕುಟುಂಬದೊಡನೆ ಹೊರಟಾಗ ಗಂಡನ ಬಳಿಯೇ ಎಲ್ಲ ಹಣ, ಹೆಂಡತಿಯ ಬಳಿಯೇ ಎಲ್ಲ ಒಡವೆ ಎಂದಾಗದಂತೆ ಇದನ್ನೂ ಇಬ್ಬರ ನಡುವೆ ಹಂಚಿಕೊಳ್ಳಬೇಕು.

ಪ್ಯಾಂಟಿನ ಹಿಂಜೇಬಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರಲ್ಲಿ ಬಾಚಣಿಗೆಗಿಂತ ಬೆಲೆಬಾಳುವುದನ್ನು ಇಡಬಾರದು. ಬೆನ್ನಿನ ಬ್ಯಾಗನ್ನು ನೂಕುನುಗ್ಗಲಿನಲ್ಲಿ ಎದೆಯ ಕಡೆಗೆ ತಿರುಗಿಸಿಕೊಳ್ಳುವುದು, ಹೆಗಲ ಬ್ಯಾಗಿನ ಪಟ್ಟಿಯನ್ನು ಅಡ್ಡವಾಗಿ ಹಾಕಿಕೊಂಡು ಜಿಪ್ಪಿನ ತುದಿಯನ್ನು ಮುಂದಕ್ಕೆ ತರುವುದು, ಆ ಜಿಪ್ಪಿನ ಕೊಂಡಿಗೆ ಒಂದು ಸೇಫ್ಟಿ ಪಿನ್ ಚುಚ್ಚುವುದು, ಇವೆಲ್ಲ ಚಿಕ್ಕ ಕೆಲಸಗಳಾದರೂ ಕಳ್ಳನಿಗೆ ಬೇಕಾದ ಕೆಲವು ಸೆಕೆಂಡುಗಳನ್ನು ಕಿತ್ತುಕೊಳ್ಳುತ್ತವೆ. ಬ್ಲೇಡಿನಿಂದ ಬ್ಯಾಗಿನ ತಳ ಕೊಯ್ಯುವವರೂ ಇರುವುದರಿಂದ ಬೆಲೆಬಾಳುವುದು ಬ್ಯಾಗಿನ ಹೊರಗೋಡೆಗೆ ತಾಗದಂತೆ ನಡುವೆ ಇರಬೇಕು. ಟಿಕೆಟ್ಟಿನ ಹಣವನ್ನು ಬಸ್ಸು ಹತ್ತುವ ಮೊದಲೇ ತೆಗೆದು ಕೈಯಲ್ಲಿಟ್ಟುಕೊಂಡರೆ ಜನರ ನಡುವೆ ಪರ್ಸು ಬಿಚ್ಚುವ ಪ್ರಸಂಗವೇ ಬರುವುದಿಲ್ಲ.

ಮೊಬೈಲೇ ಪರ್ಸಾದ ಮೇಲೆ

ನೋಟಿನ ಪರ್ಸು ಹೋದರೆ ಅದರಲ್ಲಿದ್ದಷ್ಟೇ ಹೋಗುತ್ತದೆ. ಮೊಬೈಲು ಹೋದರೆ ಬ್ಯಾಂಕಿನ ಖಾತೆ, ಟಿಕೆಟ್ಟು, ಗುರುತಿನ ಚೀಟಿ, ನೆರವಿಗೆ ಕರೆಯಬಹುದಾದವರ ಸಂಖ್ಯೆ ಎಲ್ಲವೂ ಒಟ್ಟಿಗೆ ಕೈತಪ್ಪುತ್ತವೆ. ಪರದೆಗೆ ಲಾಕ್ ಹಾಕಿದ್ದೇನೆ ಎಂದು ನೆಮ್ಮದಿಯಿಂದಿರುವವರು ಮರೆಯುವ ಭಾಗವೆಂದರೆ ಸಿಮ್. ಕಳ್ಳ ಸಿಮ್ಮನ್ನು ತೆಗೆದು ತನ್ನ ಫೋನಿಗೆ ಹಾಕಿದರೆ ಬ್ಯಾಂಕು ಕಳಿಸುವ ಒಟಿಪಿ ಅವನಿಗೇ ಬರುತ್ತದೆ. ಪರದೆಯ ಲಾಕು ಅಲ್ಲಿ ಲೆಕ್ಕಕ್ಕಿಲ್ಲ. ಫೋನಿನ ಸೆಟ್ಟಿಂಗ್ಸಿನಲ್ಲಿ ಸಿಮ್ ಪಿನ್ ಹಾಕಿಟ್ಟರೆ ಬೇರೆ ಫೋನಿನಲ್ಲಿ ಆ ಪಿನ್ ಇಲ್ಲದೆ ಸಿಮ್ ತೆರೆಯುವುದಿಲ್ಲ, ಮೂರು ಸಲ ತಪ್ಪಾದರೆ ಮುಚ್ಚಿದ ಸಿಮ್ಮನ್ನು ಬಿಡಿಸುವ ಪಿಯುಕೆ ಸಂಖ್ಯೆ ಕೇಳುತ್ತದೆ. ಆರಂಭದ ಪಿನ್ ಮತ್ತು ಪಿಯುಕೆಯನ್ನು ಮೊಬೈಲ್ ಕಂಪನಿಯಿಂದ ಮೊದಲೇ ತಿಳಿದುಕೊಂಡು ಮಾಡಬೇಕಾದ ಕೆಲಸ ಇದು. ಊಹಿಸಿ ಒತ್ತಿದರೆ ನಮ್ಮ ಸಿಮ್ಮೇ ಮುಚ್ಚಿಕೊಳ್ಳುತ್ತದೆ.

ಲಾಕಾದ ಪರದೆಯ ಮೇಲೆಯೇ ಒಟಿಪಿಯ ಸಂದೇಶ ಓದಲು ಸಿಗುವಂತಿದ್ದರೆ ಅದನ್ನು ಮರೆಮಾಡಬೇಕು. ಯುಪಿಐ ಪಿನ್, ಎಟಿಎಂ ಪಿನ್, ಕಾರ್ಡಿನ ಎರಡೂ ಬದಿಯ ಚಿತ್ರ ಗ್ಯಾಲರಿಯಲ್ಲಿರಬಾರದು. ಸಣ್ಣ ಪಾವತಿಗೆಂದು ಆ್ಯಪಿನಲ್ಲೇ ಸ್ವಲ್ಪ ಹಣ ತುಂಬಿಡುವ ಯುಪಿಐ ಲೈಟ್ ಬಳಸುವವರು ಅದಕ್ಕೆ ಪಿನ್ ಬೇಡವೆಂಬುದನ್ನು ನೆನಪಿಡಬೇಕು: ಒಂದು ಪಾವತಿಗೆ 1,000 ರೂಪಾಯಿ, ಒಟ್ಟು 5,000 ರೂಪಾಯಿಯವರೆಗೆ ಅದರಲ್ಲಿ ಹಣ ಇರಬಹುದು, ತೆರೆದ ಫೋನು ಕಿತ್ತುಕೊಂಡವನು ಅದನ್ನು ಖರ್ಚು ಮಾಡಬಲ್ಲ. ಕಾರ್ಡನ್ನು ಯಂತ್ರಕ್ಕೆ ತಾಗಿಸಿ ಪಾವತಿಸುವ ಸೌಲಭ್ಯಕ್ಕೂ 2021ರ ಜನವರಿಯಿಂದ 5,000 ರೂಪಾಯಿಯವರೆಗೆ ಪಿನ್ ಬೇಕಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಈ ಸೌಲಭ್ಯವನ್ನು ಪ್ರಯಾಣದ ಮಟ್ಟಿಗೆ ಮುಚ್ಚಿಡಬಹುದು, ಇಲ್ಲವೇ ಮಿತಿಯನ್ನು ತಗ್ಗಿಸಬಹುದು. ಎಲ್ಲಕ್ಕಿಂತ ಸರಳವಾದದ್ದು, ಉಳಿತಾಯದ ದೊಡ್ಡ ಮೊತ್ತ ಇರುವ ಖಾತೆಯನ್ನು ಯುಪಿಐಗೆ ಜೋಡಿಸದೆ, ಪ್ರಯಾಣದ ಖರ್ಚಿಗೆಂದು ಸಣ್ಣ ಮೊತ್ತದ ಬೇರೊಂದು ಖಾತೆಯನ್ನು ಬಳಸುವುದು.

ದಾಖಲೆಗಳು: ಯಾವುದನ್ನು ಒಯ್ಯಬೇಕು

ಪರ್ಸಿನಲ್ಲಿ ಆಧಾರ್, ಪ್ಯಾನ್, ಮತದಾರರ ಚೀಟಿ, ಚಾಲನಾ ಪರವಾನಗಿ ನಾಲ್ಕನ್ನೂ ಸದಾ ಇಟ್ಟುಕೊಳ್ಳುವ ಅಭ್ಯಾಸವನ್ನು ಬಿಡಬೇಕು. ಪ್ಯಾನ್ ಕಾರ್ಡಿಗೆ ಪ್ರಯಾಣದಲ್ಲಿ ಕೆಲಸವೇ ಇಲ್ಲ. ದಾಖಲೆಗಳನ್ನು ಫೋನಿನಲ್ಲೇ ಇಟ್ಟುಕೊಳ್ಳುವ ಸರ್ಕಾರಿ ಆ್ಯಪಾದ ಡಿಜಿಲಾಕರಿನಲ್ಲಿ ಇಲಾಖೆಯೇ ನೇರವಾಗಿ ನೀಡಿದ ದಾಖಲೆಗೆ ಮೂಲ ದಾಖಲೆಯಷ್ಟೇ ಮಾನ್ಯತೆ ಇದೆ ಎಂದು 2017ರಲ್ಲಿ ತಿದ್ದುಪಡಿಯಾದ ನಿಯಮ ಹೇಳುತ್ತದೆ. ರೈಲಿನಲ್ಲಿ ಡಿಜಿಲಾಕರಿನ ಆಧಾರ್ ಮತ್ತು ಚಾಲನಾ ಪರವಾನಗಿಯನ್ನು 2018ರಿಂದ ಗುರುತಿನ ಚೀಟಿಯಾಗಿ ಒಪ್ಪಲಾಗುತ್ತಿದೆ. ಇಲ್ಲೊಂದು ಸೂಕ್ಷ್ಮವಿದೆ: ಈ ಮಾನ್ಯತೆ ಇರುವುದು ಇಲಾಖೆ ನೀಡಿದ ದಾಖಲೆಗಳ ವಿಭಾಗದಲ್ಲಿ ಕಾಣುವುದಕ್ಕೆ ಮಾತ್ರ. ನಾವೇ ಸ್ಕ್ಯಾನ್ ಮಾಡಿ ಏರಿಸಿದ ಪ್ರತಿಯನ್ನಾಗಲಿ, ಗ್ಯಾಲರಿಯಲ್ಲಿರುವ ಚಿತ್ರವನ್ನಾಗಲಿ ತೋರಿಸಿದರೆ ರೈಲಿನ ಟಿಕೆಟ್ ಪರೀಕ್ಷಕರು (ಟಿಟಿಇ) ಒಪ್ಪಬೇಕಾಗಿಲ್ಲ. ಫೋನೇ ಹೋಗಬಹುದಾದ್ದರಿಂದ ಒಂದು ಮೂಲ ಗುರುತಿನ ಚೀಟಿ ಹಣದಿಂದ ದೂರವಾಗಿ, ಫೋನಿನಿಂದಲೂ ದೂರವಾಗಿ ಇರಬೇಕು.

ಮೂಲ ದಾಖಲೆಗಳನ್ನೇ ಒಯ್ಯಬೇಕಾದ ಪ್ರಯಾಣಗಳೂ ಇವೆ. ಪ್ರವೇಶದ ದಾಖಲೆ ಪರಿಶೀಲನೆಗೆಂದು ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ಫೈಲು ಹಿಡಿದು ರಾತ್ರಿ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳು, ನೋಂದಣಿಗೆಂದು ಜಮೀನಿನ ಕ್ರಯಪತ್ರ ತರುವ ರೈತರು ಆ ಫೈಲನ್ನು ಮೇಲಿನ ಕಂಬಿಯ ಮೇಲಿಡುತ್ತಾರೆ. ಕಳ್ಳನಿಗೆ ಅಂಕಪಟ್ಟಿ ಬೇಡ. ಆದರೆ ಅದು ಲ್ಯಾಪ್‌ಟಾಪಿನ ಬ್ಯಾಗಿನಲ್ಲಿದ್ದರೆ ಲ್ಯಾಪ್‌ಟಾಪಿನ ಜೊತೆ ಅದೂ ಹೋಗುತ್ತದೆ, ಮತ್ತು ದ್ವಿಪ್ರತಿ ಪಡೆಯಲು ಪೊಲೀಸ್ ದೂರು, ಅಫಿಡವಿಟ್, ಶುಲ್ಕ ಎಂದು ವಾರಗಟ್ಟಲೆ ಅಲೆಯಬೇಕಾಗುತ್ತದೆ. ಆದ್ದರಿಂದ ಬೆಲೆಬಾಳುವ ವಸ್ತುವಿನ ಜೊತೆಗೆ ದಾಖಲೆಯನ್ನು ಇಡಬಾರದು. ಸಾದಾ ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ, ಮಡಿಲಲ್ಲಿಯೋ ಬೆನ್ನು ಮತ್ತು ಸೀಟಿನ ನಡುವೆಯೋ ಇಟ್ಟುಕೊಳ್ಳುವುದು ಮೇಲು.

ವಿದೇಶಕ್ಕೆ ಹೋದವರಿಗೆ ಪಾಸ್‌ಪೋರ್ಟ್ ಕಳೆದರೆ ತೊಡಕು ಇನ್ನೂ ದೊಡ್ಡದು, ಏಕೆಂದರೆ ಅದರೊಡನೆ ವೀಸಾವೂ ಹೋಗಿರುತ್ತದೆ. ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿಯೊಡನೆ ಭಾರತೀಯ ರಾಯಭಾರ ಕಚೇರಿಗೆ ಹೋದರೆ, ಭಾರತಕ್ಕೆ ಒಮ್ಮೆ ಮರಳಲು ಮಾತ್ರ ಸಲ್ಲುವ ತುರ್ತು ಪ್ರಮಾಣಪತ್ರವನ್ನೋ ಹೊಸ ಪಾಸ್‌ಪೋರ್ಟನ್ನೋ ಪಡೆಯಬಹುದು. ಕಳೆದಿದೆ ಎಂದು ವರದಿ ಮಾಡಿದ ಪಾಸ್‌ಪೋರ್ಟ್ ರದ್ದಾಗುತ್ತದೆ. ಆಮೇಲೆ ಸಿಕ್ಕಿದರೂ ಅದರ ಮೇಲೆ ಪ್ರಯಾಣ ಮಾಡುವಂತಿಲ್ಲ. ಮೊದಲ ಮತ್ತು ಕೊನೆಯ ಪುಟ ಹಾಗೂ ವೀಸಾದ ನೆರಳಚ್ಚು, ಎರಡು ಭಾವಚಿತ್ರ ಬೇರೆ ಚೀಲದಲ್ಲಿದ್ದರೆ ಈ ಕೆಲಸ ಬೇಗ ಮುಗಿಯುತ್ತದೆ.

ಕಳೆದ ಮೇಲಿನ ಮೊದಲ ಗಂಟೆ

ಫೋನು ಹೋದದ್ದು ಗೊತ್ತಾದಾಗ ಹೆಚ್ಚಿನವರು ಅದೇ ಸಂಖ್ಯೆಗೆ ಮತ್ತೆ ಮತ್ತೆ ಕರೆ ಮಾಡುತ್ತಾ ಅರ್ಧ ಗಂಟೆ ಕಳೆಯುತ್ತಾರೆ. ಒಂದೆರಡು ಸಲ ಮಾಡಿ ನಿಲ್ಲಿಸಬೇಕು. ಪಕ್ಕದವರ ಫೋನಿನಲ್ಲಿ ಇಂಟರ್‌ನೆಟ್ ಇದ್ದರೆ ಮೊದಲು ದೂರದಿಂದಲೇ ಫೋನನ್ನು ಲಾಕ್ ಮಾಡಲು ಯತ್ನಿಸಬೇಕು, ಏಕೆಂದರೆ ಸಿಮ್ ನಿಂತ ಮೇಲೆ ಕಳೆದ ಫೋನಿಗೆ ಇಂಟರ್‌ನೆಟ್ ಇಲ್ಲವಾಗಿ ಆ ಆದೇಶ ತಲುಪದಿರಬಹುದು. ಅದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಕಾಯದೆ ಸಿಮ್ ನಿಲ್ಲಿಸಿ, ಬ್ಯಾಂಕಿಗೆ ಕರೆ ಮಾಡಿ ಕಾರ್ಡನ್ನೂ ಯುಪಿಐಯನ್ನೂ ತಡೆಹಿಡಿಸಬೇಕು. ಬ್ಯಾಂಕಿಗೆ ತಿಳಿಸಿದ ನಂತರ ನಡೆಯುವ ಅನಧಿಕೃತ ವಹಿವಾಟಿನ ನಷ್ಟ ಬ್ಯಾಂಕಿನದು, ಪಿನ್ ಬರೆದಿಟ್ಟಂಥ ನಮ್ಮ ನಿರ್ಲಕ್ಷ್ಯದಿಂದ ಅದಕ್ಕೂ ಮುನ್ನ ಆದ ನಷ್ಟ ನಮ್ಮದು ಎಂಬ ನಿಯಮವನ್ನು ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲಿ ಮಾಡಿರುವುದರಿಂದ, ಕರೆ ಮಾಡಿದ ಸಮಯ ಮತ್ತು ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಮುಖ್ಯ. ಖಾತೆಯಿಂದ ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹೊಸ ಸಿಮ್ ಪಡೆದೊಡನೆ ಎಲ್ಲವೂ ಸರಿಯಾಗುತ್ತದೆ ಎಂದುಕೊಂಡವರಿಗೆ ಅಲ್ಲಿಯೂ ಒಂದು ತಡೆ ಎದುರಾಗುತ್ತದೆ. ವಂಚನೆ ತಡೆಯಲೆಂದು, ಸಿಮ್ ಬದಲಾದ ಮೊದಲ 24 ಗಂಟೆ ಎಸ್‌ಎಂಎಸ್ ಸೌಲಭ್ಯವನ್ನು ನಿಲ್ಲಿಸಿರುತ್ತಾರೆ. ಎಸ್‌ಎಂಎಸ್ ಇಲ್ಲದೆ ಒಟಿಪಿ ಇಲ್ಲ, ಒಟಿಪಿ ಇಲ್ಲದೆ ಯುಪಿಐ ಮತ್ತೆ ಜೋಡಣೆಯಾಗುವುದಿಲ್ಲ. ಬ್ಯಾಗಿನ ತಳದಲ್ಲಿ ಎರಡು ದಿನಕ್ಕೆ ಸಾಲುವ ನಗದು ಇರಲಿ ಎಂದು ಮೇಲೆ ಹೇಳಿದ್ದು ಈ ಲೆಕ್ಕದಿಂದಲೇ.

ಪೊಲೀಸ್ ದೂರಿನಲ್ಲಿ ‘ಕಳೆದುಹೋಗಿದೆ’ ಮತ್ತು ‘ಕಳವಾಗಿದೆ’ ಎಂಬುವು ಬೇರೆ ಬೇರೆ. ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಆನ್‌ಲೈನಿನಲ್ಲೇ ಪಡೆಯುವ ಸ್ವೀಕೃತಿ ಕಳೆದುಹೋದ ವಸ್ತುಗಳಿಗೆ. ದ್ವಿಪ್ರತಿ ದಾಖಲೆಗೆ ಅದು ನೆರವಾಗುತ್ತದೆ. ಆದರೆ ಜೇಬಿನಿಂದ ಎತ್ತಿದ್ದಾರೆ ಎಂಬುದು ನಿಶ್ಚಯವಿದ್ದಾಗ ಕಳವಿನ ದೂರನ್ನೇ ಕೊಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಂ, ಗುಂಪು ಕಟ್ಟಿಕೊಂಡು ಮಾಡುವ ಜೇಬುಗಳ್ಳತನವನ್ನು ಸಣ್ಣ ಸಂಘಟಿತ ಅಪರಾಧವೆಂದು ಹೆಸರಿಸಿ 1ರಿಂದ 7 ವರ್ಷದ ಶಿಕ್ಷೆಯನ್ನು ಹೇಳುತ್ತದೆ. ಘಟನೆ ನಡೆದ ಊರು ದಾಟಿ ಬಂದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದನ್ನು ಸಂಬಂಧಪಟ್ಟ ಠಾಣೆಗೆ ವರ್ಗಾಯಿಸುವುದು ಪೊಲೀಸರ ಕೆಲಸ. ರೈಲಿನಲ್ಲಾದರೆ 139ಕ್ಕೆ ಕರೆ ಮಾಡಬೇಕು; ದೂರಿನ ನಮೂನೆ ಟಿಟಿಇ ಬಳಿಯೇ ಸಿಗುವುದರಿಂದ ನಡುದಾರಿಯಲ್ಲಿ ಇಳಿಯಬೇಕಿಲ್ಲ.

ಆ ದೂರಿನ ಪ್ರತಿಯೊಡನೆ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ ಪ್ರತಿ ಫೋನಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆಯಾದ ಐಎಂಇಐಯನ್ನು ತಡೆಹಿಡಿಸಿದರೆ, ದೇಶದ ಯಾವ ಮೊಬೈಲ್ ಜಾಲದಲ್ಲೂ ಆ ಫೋನು ಕೆಲಸ ಮಾಡುವುದಿಲ್ಲ. ಯಾರಾದರೂ ಸಿಮ್ ಹಾಕಿದರೆ ಪೊಲೀಸರಿಗೆ ಮಾಹಿತಿ ಸಿಗುತ್ತದೆ. 15 ಅಂಕಿಯ ಆ ಸಂಖ್ಯೆ ಫೋನಿನಲ್ಲಿ *#06# ಒತ್ತಿದರೆ ಕಾಣುತ್ತದೆ. ಫೋನು ಹೋದ ಮೇಲೆ ಒತ್ತಲಾಗದಾದ್ದರಿಂದ ಇಂದೇ ನೋಡಿ ಮನೆಯಲ್ಲಿ ಒಂದು ಹಾಳೆಯ ಮೇಲೆ ಬರೆದಿಡಬೇಕು. ಅದೇ ಹಾಳೆಯಲ್ಲಿ ಬ್ಯಾಂಕಿನ ಸಹಾಯವಾಣಿಯ ಸಂಖ್ಯೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಬಾಯಿಪಾಠವಿರದ ಮನೆಯವರ ಸಂಖ್ಯೆಗಳನ್ನೂ ಬರೆದು ಒಂದು ಪ್ರತಿಯನ್ನು ಪ್ರಯಾಣದ ಬ್ಯಾಗಿನಲ್ಲಿ ಇಟ್ಟುಕೊಳ್ಳಬಹುದು.

ಜೇಬುಗಳ್ಳರು ಸಾಮಾನ್ಯವಾಗಿ ನಗದನ್ನು ತೆಗೆದುಕೊಂಡು, ಹಿಡಿದರೆ ಸಾಕ್ಷಿಯಾಗುವ ಪರ್ಸನ್ನು ಆದಷ್ಟು ಬೇಗ ಎಸೆಯುತ್ತಾರೆ. ನಿಲ್ದಾಣದ ಶೌಚಾಲಯ, ಕಸದ ಡಬ್ಬಿ, ಬಸ್ಸಿನ ಸೀಟಿನ ಕೆಳಗೆ ಒಮ್ಮೆ ಹುಡುಕಿ, ನಿಲ್ದಾಣದ ಸಂಚಾರ ನಿಯಂತ್ರಕರಿಗೆ ಹೆಸರು ಬರೆಸಿ ಬರುವುದರಿಂದ ದಾಖಲೆಗಳಾದರೂ ಮರಳಿ ಸಿಗುವುದುಂಟು. ಪರ್ಸು ಸಿಕ್ಕಿದ ಒಳ್ಳೆಯವರು ಕರೆ ಮಾಡಲೆಂದು ಅದರಲ್ಲಿ ಒಂದು ಚೀಟಿ ಇರಲಿ, ಮತ್ತು ಆ ಚೀಟಿಯಲ್ಲಿ ಪರ್ಸಿನ ಜೊತೆಗೇ ಕಳವಾಗಿರಬಹುದಾದ ನಮ್ಮ ಫೋನಿನ ಸಂಖ್ಯೆಗೆ ಬದಲಾಗಿ, ಮನೆಯಲ್ಲಿರುವವರೊಬ್ಬರ ಸಂಖ್ಯೆ ಇರಲಿ.